ಕೋಲಾರದ ನಮ್ಮ ಐಸಿಯುನಲ್ಲಿ ಮೆರೊಪೆನೆಮ್ ಇಳಿಸಿದ ಬಗೆ

"ಆಂಟಿಬಯೋಟಿಕ್ ನಿಲ್ಲಿಸಿ ಏನಾದ್ರೂ ಆದ್ರೆ ಗಲಾಟೆಗೆ ಯಾರು ನಿಲ್ತಾರೆ ಡಾಕ್ಟ್ರೇ?" ಅಂತ ಆಡಳಿತದವರು ಕೇಳಿದ್ದರು. ಈಗ ಅದೇ ಎಂಟು ಬೆಡ್ಡಿನ ಐಸಿಯುನಲ್ಲಿ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ನ ಖರೀದಿ ಅರ್ಧಕ್ಕಿಂತ ಕೆಳಗಿದೆ. ತಿಂಗಳಿಗೆ ನಾಲ್ಕೈದು ಇದ್ದ ವೆಂಟಿಲೇಟರ್ ನ್ಯುಮೋನಿಯಾ (ವೆಂಟಿಲೇಟರ್‌ನಲ್ಲಿದ್ದವರಿಗೆ ತಗಲುವ ಶ್ವಾಸಕೋಶದ ಸೋಂಕು) ಒಂದಕ್ಕೆ ಬಂದಿದೆ, ಕೆಲವು ತಿಂಗಳು ಅದೂ ಇಲ್ಲ. ದೊಡ್ಡ ಊರಿನ ಆಸ್ಪತ್ರೆಗಳಿಗೂ ಇದು ಸುಲಭವಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಕೀಟನಾಶಕ ಕುಡಿದು ಬಂದವರು. ಹತ್ತು ಹದಿನೈದು ದಿನ ವೆಂಟಿಲೇಟರ್. ವಿಷದಿಂದ ಪಾರಾದವನಿಗೆ ಅಸಿನೆಟೊಬ್ಯಾಕ್ಟರ್ ಎಂಬ ಐಸಿಯು ಕ್ರಿಮಿ ಅಂಟಿಕೊಳ್ಳುತ್ತಿತ್ತು. ಅದು ಮೆರೊಪೆನೆಮ್‌ಗೆ ಬಗ್ಗುವುದಿಲ್ಲ. ಉಳಿಯುವುದು ಕೊಲಿಸ್ಟಿನ್ ಎಂಬ ಕೊನೆಯ ಅಸ್ತ್ರದ ಆಂಟಿಬಯೋಟಿಕ್, ಅದರಿಂದ ಕಿಡ್ನಿಗೆ ಪೆಟ್ಟು. ಒಡವೆ ಅಡವಿಟ್ಟು ಕಟ್ಟುವ ಬಿಲ್ಲಿನಲ್ಲಿ ಆಂಟಿಬಯೋಟಿಕ್‌ಗೇ ದಿನಕ್ಕೆ ಐದಾರು ಸಾವಿರ.

ಮೊದಲು ದುಡ್ಡು ಹೋದದ್ದು ಕೋಣೆಗೆ ಕ್ರಿಮಿನಾಶಕದ ಮಂಜು ಹಾಯಿಸುವ ಫಾಗಿಂಗ್‌ಗೆ, ಆಮೇಲೆ ಯುವಿ ದೀಪಕ್ಕೆ, ಎರಡೂ ಸೇರಿ ಲಕ್ಷದ ಹತ್ತಿರ. ಎರಡು ದಿನ ಸ್ವ್ಯಾಬ್ (ಒರೆಸಿ ತೆಗೆದ ಮಾದರಿ) ಕ್ಲೀನ್, ಮುಂದಿನ ವಾರ ಅದೇ ಕ್ರಿಮಿ. ಅದು ಬೆಡ್ಡಿನಿಂದ ಬೆಡ್ಡಿಗೆ ಹೋಗುತ್ತಿದ್ದದ್ದು ನಮ್ಮ ಕೈಯಲ್ಲಿ.

ಬ್ರ್ಯಾಂಡಿನ ಹ್ಯಾಂಡ್ ರಬ್ ದುಬಾರಿ, ಸಿಸ್ಟರ್‌ಗಳು ಹನಿ ಲೆಕ್ಕ ಹಾಕುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ನಮ್ಮ ಫಾರ್ಮಸಿಯಲ್ಲೇ ಮಾಡಿಸಿದೆ. ಎಥನಾಲ್‌ಗೆ ಅಬಕಾರಿ ಪರವಾನಗಿಯ ತಲೆನೋವು, ಹಾಗಾಗಿ ಅವರದೇ ಇನ್ನೊಂದು ಸೂತ್ರ ಹಿಡಿದೆ: ಹತ್ತು ಲೀಟರಿಗೆ 99.8% ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿಲಿ, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, 98% ಗ್ಲಿಸರಾಲ್ 145 ಮಿಲಿ, ಮಿಕ್ಕಿದ್ದು ಕುದಿಸಿ ಆರಿಸಿದ ನೀರು. ಸ್ಪೋರ್ (ಕ್ರಿಮಿಯ ಗಟ್ಟಿ ಚಿಪ್ಪಿನ ರೂಪ) ಸಾಯಲು 72 ಗಂಟೆ ಮುಟ್ಟಬಾರದು. ಖರ್ಚು ಮೂರರಲ್ಲೊಂದು ಪಾಲಿಗೆ ಬಂತು. ಶಿಫ್ಟ್ ಮುಗಿದಾಗ ಬಾಟಲಿ ತೂಕ ಹಾಕಿಸಿದೆ, ಯಾರು ಬಳಸುತ್ತಾರೆ ಎಂದು ಬಾಯಿಬಿಟ್ಟು ಕೇಳುವ ಅಗತ್ಯವೇ ಬೀಳಲಿಲ್ಲ.

ದೊಡ್ಡ ಉಳಿತಾಯ ಬಂದದ್ದು ಜ್ವರ ನೋಡುವ ರೀತಿಯಿಂದ. ಪಾಯ್ಸನ್ ಕೇಸಿನಲ್ಲಿ ವಿಷಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಹೆಚ್ಚಾದರೂ ಮೈ ಕಾಯುತ್ತದೆ. ಆ ಜ್ವರಕ್ಕೆ ರಾತ್ರಿ ಡ್ಯೂಟಿಯವರು ಮೆರೊಪೆನೆಮ್ ಬರೆಯುತ್ತಿದ್ದರು. ಈಗ ಮೊದಲ ಡೋಸಿಗೆ ಮುಂಚೆ ಕಲ್ಚರ್ (ರೋಗಿಯ ಮಾದರಿಯಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂಬ ಪರೀಕ್ಷೆ) ಕಡ್ಡಾಯ, ಬಿಪಿ ಕುಸಿದು ಶಾಕ್‌ನಲ್ಲಿದ್ದರೆ ಮಾತ್ರ ಯಾವುದಕ್ಕೂ ಕಾಯುವಂತಿಲ್ಲ. 48ರಿಂದ 72 ಗಂಟೆಯೊಳಗೆ ರಿಪೋರ್ಟ್ ಕೈಯಲ್ಲಿ ಹಿಡಿದೇ ರೌಂಡ್ಸ್. ಏನೂ ಬೆಳೆಯದೆ, ಕ್ಲಿನಿಕಲ್ ಆಗಿಯೂ ಇನ್ಫೆಕ್ಷನ್ ಕಾಣದಿದ್ದರೆ ಅಲ್ಲೇ ನಿಲ್ಲಿಸುತ್ತೇವೆ. ನ್ಯುಮೋನಿಯಾ ಖಚಿತವಾದರೂ ಸುಧಾರಿಸುತ್ತಿರುವವರಿಗೆ ಏಳು ದಿನ ಸಾಕು, ಹದಿನಾಲ್ಕು ಬೇಡ. ಹಿರಿಯ ಸರ್ಜನ್‌ಗಳನ್ನು ಇದಕ್ಕೆ ಒಪ್ಪಿಸಿದ ದಾರಿ ಮಾತ್ರ ನನ್ನಲ್ಲೇ ಇರಲಿ.

ನಡುವೆ ಸಿಂಕಿನ ಹುಚ್ಚು ಹತ್ತಿತು. ಮೂಲೆಯ ಸಿಂಕ್ ಪೈಪಿನ ಸ್ವ್ಯಾಬ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಕ್ರಿಮಿ ಬೆಳೆಯಿತು. ಬ್ಲೀಚ್ ಸುರಿದೆವು, ವಾರದಲ್ಲಿ ಮತ್ತೆ ಬಂತು. ಮಿಕ್ಕ ಗ್ಲೂಕೋಸ್, ಸಕ್ಷನ್ ನೀರು, ಉಳಿದ ಆಂಟಿಬಯೋಟಿಕ್ ಎಲ್ಲ ಅಲ್ಲಿಗೇ ಹೋಗುತ್ತಿತ್ತು, ಕ್ರಿಮಿಗೆ ಊಟವೂ ಅದೇ, ತರಬೇತಿಯೂ ಅದೇ. ಅದನ್ನು ನಿಲ್ಲಿಸಿ ಪೈಪ್ ಬದಲಿಸಿದ ಮೇಲೆ ಆ ಮೂಲೆ ತಣ್ಣಗಾಯಿತು. ಪ್ಲಂಬರ್‌ಗೆ ಕೊಟ್ಟದ್ದು ಎರಡು ಸಾವಿರ ಇರಬೇಕು.

ಇನ್ನೂ ಕೈಗೆ ಸಿಗದದ್ದು ಒಂದಿದೆ. ದುಡ್ಡು ಮುಗಿದು ಬೆಂಗಳೂರಿನಿಂದ ವಾಪಸ್ ಬರುವವರು ಕ್ರಿಮಿ ಹೊತ್ತೇ ಬರುತ್ತಾರೆ. ಅವರಿಗೆ ಎಂಟನೇ ಬೆಡ್, ಬೇರೆ ಸ್ಟೆತಸ್ಕೋಪ್, ಬೇರೆ ಬಿಪಿ ಕಫ್ ಇಟ್ಟಿದ್ದೇನೆ. ರೆಕ್ಟಲ್ ಸ್ವ್ಯಾಬ್ (ಗುದದ್ವಾರದ ಮಾದರಿ) ರಿಪೋರ್ಟ್ ಬರುವವರೆಗೆ ಆ ಬೆಡ್ಡಿನ ಸಿಸ್ಟರ್ ಬೇರೆ ರೋಗಿಯನ್ನು ನೋಡುವುದಿಲ್ಲ.