ಅರೇಯನ್ನು ಸಾರ್ಟ್ ಮಾಡುವ ಮುನ್ನ ಹಾಕಬೇಕಾದ ಲೆಕ್ಕ

ಅಲ್ಗಾರಿದಮ್ಮಿನ ಆರಂಭದಲ್ಲಿ ಅರೇಯನ್ನು (ಅಂಶಗಳ ಪಟ್ಟಿಯನ್ನು) ಸಾರ್ಟ್ ಮಾಡುವುದಕ್ಕೆ, ಅಂದರೆ ಕ್ರಮಗೊಳಿಸುವುದಕ್ಕೆ, ಒಂದೇ ಸಾಲಿನ ಕೋಡ್ ಸಾಕು. ಆದರೆ ಆ ಸಾಲು ತೆಗೆದುಕೊಳ್ಳುವ ಸಮಯವನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಲೇಬೇಕು. ಅಂಶಗಳನ್ನು ಪರಸ್ಪರ ಹೋಲಿಸಿ ಕ್ರಮಗೊಳಿಸುವ ಯಾವ ವಿಧಾನಕ್ಕೂ ವರ್ಸ್ಟ್ ಕೇಸಿನಲ್ಲಿ, ಅಂದರೆ ಅತಿ ಕೆಟ್ಟ ಸಂದರ್ಭದಲ್ಲಿ, ಎನ್ ಲಾಗ್ ಎನ್ ದರ್ಜೆಯ ಹೋಲಿಕೆಗಳಾದರೂ ಬೇಕು (ಎನ್ ಎಂದರೆ ಅಂಶಗಳ ಸಂಖ್ಯೆ; ಲಾಗ್ ಎನ್ ಎಂದರೆ ಎನ್ ಅನ್ನು 1 ಆಗುವವರೆಗೆ ಎಷ್ಟು ಬಾರಿ ಅರ್ಧ ಮಾಡಬಹುದೋ ಸುಮಾರು ಅಷ್ಟು). ಜಾನ್ ವಾನ್ ನ್ಯೂಮನ್ 1945ರಲ್ಲಿ ರೂಪಿಸಿದ ಮರ್ಜ್ ಸಾರ್ಟ್ ಈ ಮಿತಿಯಲ್ಲೇ ಕೆಲಸ ಮುಗಿಸುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅರೇಯಲ್ಲಿ ಎಷ್ಟು ಬಾರಿ ಹುಡುಕಬೇಕಾಗಿದೆ ಎಂಬುದು. 10 ಲಕ್ಷ ಅಂಶಗಳ ಅರೇಯಲ್ಲಿ ಒಂದೊಂದೇ ಅಂಶವನ್ನು ನೋಡುತ್ತ ಹೋಗುವ ಲೀನಿಯರ್ ಸರ್ಚ್ ಒಂದಕ್ಕೆ ಗರಿಷ್ಠ 10 ಲಕ್ಷ ಹೋಲಿಕೆಗಳು ಬೇಕಾದರೆ, ಸಾರ್ಟ್ ಆದ ಅರೇಯಲ್ಲಿ ಪ್ರತಿ ಬಾರಿ ನಡುವಿನ ಅಂಶ ನೋಡಿ ಅರ್ಧ ಭಾಗವನ್ನು ಕೈಬಿಡುವ ಬೈನರಿ ಸರ್ಚ್‌ಗೆ ಸುಮಾರು 20 ಸಾಕು. ಆದರೆ ಸಾರ್ಟ್‌ಗೇ ಸುಮಾರು 2 ಕೋಟಿ ಹೋಲಿಕೆಗಳು ಖರ್ಚಾಗುತ್ತವೆ. ಹುಡುಕುವುದು ಒಮ್ಮೆ ಮಾತ್ರವಾದರೆ ಸಾರ್ಟ್ ಮಾಡುವುದು ಶುದ್ಧ ನಷ್ಟ. 20 ಬಾರಿಯ ಆಸುಪಾಸಿನಲ್ಲಿ ಎರಡೂ ಸಮವಾಗುತ್ತವೆ. 1,000 ಬಾರಿ ಹುಡುಕುವುದಾದರೆ ಒಂದು ಕಡೆ 100 ಕೋಟಿ, ಇನ್ನೊಂದು ಕಡೆ 2 ಕೋಟಿ 20 ಸಾವಿರ; ಇಲ್ಲಿ ಸಾರ್ಟ್ ಬಿಡುವುದಕ್ಕೆ ಕಾರಣವೇ ಇಲ್ಲ.

ಒಂದರ ನಂತರ ಒಂದು ನಡೆಯುವ ಹಂತಗಳ ಸಮಯವನ್ನು ಕೂಡಿಸಿ, ದೊಡ್ಡ ಪದವನ್ನು (ಎನ್ ಬೆಳೆದಂತೆ ಅತಿ ವೇಗವಾಗಿ ಬೆಳೆಯುವ ಭಾಗವನ್ನು) ಮಾತ್ರ ಉಳಿಸಿಕೊಳ್ಳಬೇಕು. ನಿಗದಿತ ಮೊತ್ತ ಬರುವ ಎರಡು ಸಂಖ್ಯೆಗಳನ್ನು ಹುಡುಕುವ ಪ್ರಸಿದ್ಧ ಸಮಸ್ಯೆಯನ್ನೇ ನೋಡಿ. ಲೂಪಿನೊಳಗೆ ಲೂಪ್ ಬರೆದರೆ ಅದು ಎನ್ ವರ್ಗದಷ್ಟು ಸಮಯ ತೆಗೆದುಕೊಳ್ಳುತ್ತದೆ. ಅರೇಯನ್ನು ಏರಿಕೆಯ ಕ್ರಮದಲ್ಲಿ ಸಾರ್ಟ್ ಮಾಡಿ, ಎರಡೂ ತುದಿಗಳಲ್ಲಿ ಒಂದೊಂದು ಪಾಯಿಂಟರ್ (ಸ್ಥಾನದ ಗುರುತು) ಇಟ್ಟು, ಮೊತ್ತ ಕಡಿಮೆಯಾದಾಗ ಎಡದ್ದನ್ನು ಮುಂದಕ್ಕೂ ಹೆಚ್ಚಾದಾಗ ಬಲದ್ದನ್ನು ಹಿಂದಕ್ಕೂ ಸರಿಸುತ್ತ ಹೋದರೆ, ಯಾವ ಪಾಯಿಂಟರೂ ಬಂದ ದಾರಿಗೆ ಮರಳುವುದಿಲ್ಲವಾದ್ದರಿಂದ ಈ ಹಂತ ಎನ್‌ನಷ್ಟರಲ್ಲೇ ಮುಗಿಯುತ್ತದೆ. ಒಟ್ಟು ಸಮಯ ಎನ್ ಲಾಗ್ ಎನ್. ಮೌಲ್ಯದಿಂದಲೇ ಅದರ ಜಾಗವನ್ನು ಲೆಕ್ಕಹಾಕಿ ನೇರವಾಗಿ ಹುಡುಕುವ ಹ್ಯಾಶ್ ಟೇಬಲ್ ಇದನ್ನೇ ಸರಾಸರಿ ಎನ್‌ನಲ್ಲಿ ಮಾಡುತ್ತದೆ, ಆದರೆ ಹೆಚ್ಚುವರಿ ಮೆಮೊರಿ ಬೇಡುತ್ತದೆ. ಉತ್ತರವಾಗಿ ಅಂಶಗಳ ಮೂಲ ಸ್ಥಾನ ಹೇಳುವ ಇಂಡೆಕ್ಸ್‌ಗಳೇ ಬೇಕಿದ್ದರೆ, ಸಾರ್ಟ್ ಮಾಡುವ ಮೊದಲೇ ಅವನ್ನು ಮೌಲ್ಯಗಳ ಜೊತೆಗೆ ಜೋಡಿಸಿಡಿ.

ಲೂಪಿನೊಳಗೆ ಸಾರ್ಟ್ ಇದ್ದರೆ ಮಾತ್ರ ಕೂಡಿಸುವ ಬದಲು ಗುಣಿಸಬೇಕು: ಎನ್ ಬಾರಿ ಸುತ್ತುವ ಲೂಪಿನಲ್ಲಿ ಅದು ಎನ್ ವರ್ಗ ಲಾಗ್ ಎನ್ ಆಗಬಹುದು.

ಅರೇ ಮೊದಲೇ ಕ್ರಮದಲ್ಲಿದೆಯೇ ಎಂಬುದನ್ನೂ ಗಮನಿಸಿ. ಇನ್ಸರ್ಷನ್ ಸಾರ್ಟ್ ಅಂಥ ಅರೇಯನ್ನು ಎನ್ ಹಂತಗಳಲ್ಲಿ ಮುಗಿಸಿದರೆ, ಮೊದಲ ಅಂಶವನ್ನೇ ಪಿವೋಟ್ (ಅರೇಯನ್ನು ಚಿಕ್ಕವು, ದೊಡ್ಡವು ಎಂದು ವಿಭಜಿಸಲು ಬಳಸುವ ಅಂಶ) ಆಗಿ ಆರಿಸುವ ಕ್ವಿಕ್ ಸಾರ್ಟ್ ಅಲ್ಲೇ ಎನ್ ವರ್ಗಕ್ಕೆ ಕುಸಿಯುತ್ತದೆ. ಹೊಸ ಅಂಶಗಳು ಪದೇ ಪದೇ ಸೇರುವಂತಿದ್ದರೆ, ಪ್ರತಿ ಸೇರ್ಪಡೆಗೂ ಉಳಿದವನ್ನು ಸರಿಸಬೇಕಾದ ಸಾರ್ಟ್ ಆದ ಅರೇಗಿಂತ ಸಮತೋಲಿತ ಸರ್ಚ್ ಟ್ರೀ (ಅಂಶಗಳನ್ನು ಕವಲುಗಳಲ್ಲಿ ಕ್ರಮವಾಗಿಟ್ಟು, ಕವಲುಗಳ ಎತ್ತರ ಹೆಚ್ಚದಂತೆ ಕಾಪಾಡುವ ರಚನೆ) ಉತ್ತಮ ಆಯ್ಕೆ. ಅದರಲ್ಲಿ ಸೇರಿಸುವುದಕ್ಕೂ ಹುಡುಕುವುದಕ್ಕೂ ಲಾಗ್ ಎನ್ ಸಾಕು.