ಒಂದು ಗೇಣು ದಾರ ಕತ್ತರಿಸಲು ಎಂಟು ತಿಂಗಳು

ನಮ್ಮ ಕಾಲೇಜಿನ ಉಪಗ್ರಹ ತಂಡಕ್ಕೆ ನಾನು ಸೇರಿದ್ದು ಎರಡನೇ ಸೆಮಿಸ್ಟರ್‌ನಲ್ಲಿ. ಮೊದಲ ದಿನವೇ ಸೀನಿಯರ್ ಅಕ್ಕ ಒಬ್ಬರು ಗಾಳಕ್ಕೆ ಕಟ್ಟುವ ನೈಲಾನ್ ದಾರದ ಉಂಡೆಯೊಂದನ್ನು ಕೈಗಿಟ್ಟು, "ಆಂಟೆನಾ ಬಿಚ್ಚಿಸೋದು ಇನ್ಮೇಲೆ ನಿನ್ನ ಕೆಲಸ" ಅಂದರು. ಕ್ಯಾಮೆರಾ, ಕಕ್ಷೆ ಅಂತ ಏನೇನೋ ಅಂದುಕೊಂಡು ಹೋಗಿದ್ದೆ. ಕೈಗೆ ಬಂದದ್ದು ದಾರ.

ಬೆಂಗಳೂರಿನಲ್ಲಿ ಓದುವವರಿಗೆ ಈ ಹುಚ್ಚು ಹಿಡಿಯುವುದು ಸುಲಭ. ಇಲ್ಲಿನ ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟುಡ್‌ಸ್ಯಾಟ್ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹಾರಿತು. ತೂಕ ಒಂದು ಕೆಜಿಗಿಂತ ಕಡಿಮೆ. ಪಿಇಎಸ್ ವಿದ್ಯಾರ್ಥಿಗಳ ಪೈಸ್ಯಾಟ್ 2016ರಲ್ಲಿ ಹೋಯಿತು. ನಮ್ಮ ಹಾಗೇ ಲ್ಯಾಬಿನ ಮೂಲೆಯಲ್ಲಿ ರಾತ್ರಿ ಕೂತವರು ಇದನ್ನೆಲ್ಲ ಮಾಡಿದ್ದಾರೆ ಅಂತ ಗೊತ್ತಿದ್ದರೆ ಧೈರ್ಯ ತಾನಾಗಿ ಬರುತ್ತದೆ.

ಈಗ ದಾರದ ವಿಷಯ. ನಮ್ಮದು ಕ್ಯೂಬ್‌ಸ್ಯಾಟ್, ಪ್ರತಿ ಬದಿ 10 ಸೆಂ.ಮೀ. ಇರುವ ಡಬ್ಬ. ಅಮೆರಿಕದ ಇಬ್ಬರು ಪ್ರಾಧ್ಯಾಪಕರು 1999ರಲ್ಲಿ ಹಾಕಿಕೊಟ್ಟ ಅಳತೆ ಇದು. ರಾಕೆಟ್‌ನಲ್ಲಿ ಈ ಡಬ್ಬ ಒಂದು ಪೆಟ್ಟಿಗೆಯೊಳಗೆ ಕೂರುತ್ತದೆ, ಹಾಗಾಗಿ ಏನೂ ಹೊರಗೆ ಚಾಚಿಕೊಂಡಿರುವಂತಿಲ್ಲ. ಆದರೆ 437 ಮೆಗಾಹರ್ಟ್ಸ್‌ನ ಆಂಟೆನಾಕ್ಕೆ ಸುಮಾರು 17 ಸೆಂ.ಮೀ. ಉದ್ದ ಬೇಕು, 145 ಮೆಗಾಹರ್ಟ್ಸ್‌ಗೆ 50 ಸೆಂ.ಮೀ. ದಾಟುತ್ತದೆ. ಅದಕ್ಕೇ ಗಾರೆ ಮೇಸ್ತ್ರಿಗಳು ಬಳಸುವ ಸ್ಟೀಲ್ ಟೇಪನ್ನೇ ಕತ್ತರಿಸಿ, ಡಬ್ಬದ ಸುತ್ತ ಸುತ್ತಿ, ನೈಲಾನ್ ದಾರದಿಂದ ಬಿಗಿಯುತ್ತೇವೆ. ಕಕ್ಷೆಯಲ್ಲಿ ಡಬ್ಬ ಹೊರಬಿದ್ದ ಮೇಲೆ ಅದರೊಳಗಿನ ಕಂಪ್ಯೂಟರ್ ಸ್ವಲ್ಪ ಹೊತ್ತು ಕಾಯಬೇಕು. ನಾವು 45 ನಿಮಿಷ ಇಟ್ಟುಕೊಂಡಿದ್ದೆವು. ಆಮೇಲೆ ನೈಕ್ರೋಮ್ ತಂತಿಗೆ ಕರೆಂಟ್ ಹರಿಸಿದರೆ ಅದು ಕಾದು, ದಾರ ಕರಗಿ, ಟೇಪು ಟಪ್ ಅಂತ ನೆಟ್ಟಗಾಗುತ್ತದೆ. ಆ ದಾರ ಕತ್ತರಿಸಲಿಲ್ಲ ಅಂದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಉಪಗ್ರಹ ಮೂಕ.

ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ನೈಕ್ರೋಮ್‌ನಲ್ಲಿ ಮೇಜಿನ ಮೇಲೆ ಮಾಡಿ ನೋಡಿದೆ. ಮೂರೇ ಸೆಕೆಂಡಿಗೆ ದಾರ ತುಂಡಾಯಿತು. ಹತ್ತು ಸಲ ಮಾಡಿದೆ, ಹತ್ತೂ ಸಲ ತುಂಡಾಯಿತು. ಒಂದು ವಾರದ ಕೆಲಸ ಮುಗಿಯಿತು ಅಂತ ಬರೆದುಕೊಂಡೆ.

ಆರು ವಾರ ಬಿಟ್ಟು, ಕಟ್ಟಿಟ್ಟಿದ್ದ ಮಾದರಿಯನ್ನು ಹಾಗೇ ತೆಗೆದು ಕರೆಂಟ್ ಕೊಟ್ಟೆ. ತಂತಿ ಕೆಂಪಗಾಯಿತು, ದಾರ ಹಾಗೇ ಇತ್ತು. ನೈಲಾನ್ ಬಿಗಿಯಲ್ಲಿದ್ದಾಗ ದಿನೇ ದಿನೇ ಸ್ವಲ್ಪ ಸ್ವಲ್ಪ ಹಿಗ್ಗುತ್ತದೆ. ತೇವ ಹೀರಿದರೆ ಇನ್ನೂ ಜಾಸ್ತಿ, ಅದು ಮಳೆಗಾಲ ಬೇರೆ. ದಾರ ಸಡಿಲವಾಗಿ ತಂತಿಯಿಂದ ಒಂದು ಕೂದಲೆಳೆಯಷ್ಟು ದೂರ ಸರಿದಿತ್ತು, ಅಷ್ಟೇ. ಉಪಗ್ರಹ ಸಿದ್ಧವಾದ ಮೇಲೆ ಉಡಾವಣೆಗೆ ತಿಂಗಳುಗಟ್ಟಲೆ ಕಾಯುತ್ತದೆ ಅಲ್ವಾ? ಅಷ್ಟೂ ದಿನ ದಾರ ಸಡಿಲವಾಗುತ್ತಲೇ ಇರುತ್ತದೆ.

ಗಾಳಿಯಿಲ್ಲದ ಕಡೆ ಈ ಕೂದಲೆಳೆ ಇನ್ನೂ ದೊಡ್ಡದು. ಭೂಮಿಯ ಮೇಲೆ ತಂತಿ ದಾರಕ್ಕೆ ತಾಗದಿದ್ದರೂ ನಡುವಿನ ಬಿಸಿ ಗಾಳಿ ಸ್ವಲ್ಪ ಕೆಲಸ ಮಾಡುತ್ತದೆ. ನಿರ್ವಾತದಲ್ಲಿ ಆ ಸಹಾಯ ಇಲ್ಲ. ಇನ್ನೊಂದು ಕಡೆ, ತಂತಿಯ ಬಿಸಿಯನ್ನು ಹೊತ್ತೊಯ್ಯಲು ಗಾಳಿ ಇಲ್ಲದ್ದರಿಂದ ಅದೇ ಕರೆಂಟಿಗೆ ತಂತಿ ತುಂಬಾ ಹೆಚ್ಚು ಕಾಯುತ್ತದೆ. ಮೊದಲ ನಿರ್ವಾತ ಪರೀಕ್ಷೆಯಲ್ಲಿ ನಮ್ಮ ತಂತಿಯೇ ಮೊದಲು ಕಡಿದುಹೋಯಿತು. ಮೇಜಿನ ಮೇಲೆ ಹತ್ತಕ್ಕೆ ಹತ್ತು ಬಂದ ನನ್ನ ಲೆಕ್ಕಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ.

ತಂತಿಯನ್ನು ದಾರಕ್ಕೆ ಒತ್ತಿ ಹಿಡಿಯುವ ಎರಡು ಸಣ್ಣ ಸ್ಪ್ರಿಂಗ್ ಹಾಕಿದೆವು. ದಾರ ಸಡಿಲವಾದರೂ ತಂತಿ ಹಿಂದೆಯೇ ಬರುತ್ತದೆ. ಬ್ಯಾಟರಿಯಿಂದ ನೇರ ಕರೆಂಟ್ ಕೊಡುವುದನ್ನು ಬಿಟ್ಟು, ಒಂದೇ ಮಟ್ಟದಲ್ಲಿ ಕರೆಂಟ್ ಹಿಡಿದಿಡುವ ಸರ್ಕ್ಯೂಟ್ ಕೂರಿಸಿದೆವು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ ಪ್ರತಿ ದಾರಕ್ಕೂ ಬೇರೆ ಬೇರೆ ಸರ್ಕ್ಯೂಟಿನ ಎರಡು ತಂತಿ.

ಇಷ್ಟಾದ ಮೇಲೆ ಚಳಿಯ ಪರೀಕ್ಷೆ. ಕ್ಯಾಂಟೀನ್ ಅಣ್ಣನಿಗೆ ವಿಷಯ ಹೇಳಿದೆವು. "ತಗೊಳ್ಳಿ, ಬಾಗಿಲು ಮಾತ್ರ ಪದೇ ಪದೇ ತೆಗೀಬೇಡಿ" ಅಂತ ಐಸ್‌ಕ್ರೀಮ್ ಫ್ರೀಜರ್‌ನ ಅರ್ಧ ಜಾಗ ಬಿಟ್ಟುಕೊಟ್ಟರು. ಮೈನಸ್ 18 ಡಿಗ್ರಿ. ಒಂದು ವೈರ್ ಹೊರಗೆಳೆದು ಲ್ಯಾಪ್‌ಟಾಪ್‌ಗೆ ಜೋಡಿಸಿ ಕೂತೆವು. 45 ನಿಮಿಷ ಆಯಿತು, ಕರೆಂಟ್ ಹರಿಯಿತು, ತಕ್ಷಣ ಪರದೆಯ ಮೇಲೆ "ಕಂಪ್ಯೂಟರ್ ಶುರು" ಅನ್ನುವ ಸಾಲು ಬಂತು. ಮತ್ತೆ 45 ನಿಮಿಷ, ಮತ್ತೆ ಅದೇ ಸಾಲು. ಮೂರನೇ ಸಲಕ್ಕೆ ಅರ್ಥವಾಯಿತು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ತಡೆ ಏರುತ್ತದೆ. ತಂತಿ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರ್ ಆರಿ ಮತ್ತೆ ಹತ್ತುತ್ತದೆ, ಗಡಿಯಾರ ಸೊನ್ನೆಗೆ ಹೋಗುತ್ತದೆ. ಕಕ್ಷೆಯಲ್ಲಾಗಿದ್ದರೆ ಉಪಗ್ರಹ ಸುಮ್ನೆ ಹೀಗೇ ಸುತ್ತುತ್ತಿರುತ್ತಿತ್ತು. ನೆಲದಲ್ಲಿ ಕೂತ ನಮಗೆ ಕಾರಣವೂ ತಿಳಿಯುತ್ತಿರಲಿಲ್ಲ. ಆ ಸಂಜೆ ಫ್ರೀಜರ್ ಮುಂದೆ ಕೂತು ನಾನು ಕಲಿತಷ್ಟು ಯಾವ ಕ್ಲಾಸಿನಲ್ಲೂ ಕಲಿತಿಲ್ಲ.

ಈಗ ಕಳೆದ ಸಮಯವನ್ನೂ, ಎಷ್ಟನೇ ಪ್ರಯತ್ನ ಅನ್ನುವುದನ್ನೂ ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ ಬರೆದಿಡುತ್ತೇವೆ. ಮೊದಲ ಪ್ರಯತ್ನ ಸೋತರೆ ಕಂಪ್ಯೂಟರ್ ಕರೆಂಟನ್ನು ಸ್ವಲ್ಪ ಇಳಿಸಿ, ಜಾಸ್ತಿ ಹೊತ್ತು ಹರಿಸುತ್ತದೆ. ಬಿಸಿಲಿನ ಬದಿಗೆ ಬಂದು ಬ್ಯಾಟರಿ ಬೆಚ್ಚಗಾದಾಗ ಇನ್ನೊಮ್ಮೆ ಪ್ರಯತ್ನಿಸುತ್ತದೆ.

ಹೊಸ ತಂಡ ಕಟ್ಟುವವರು ಕೇಳಿದರೆ ನಾನು ಮೊದಲು ಪೋಯೆಮ್ ನೋಡಿ ಅನ್ನುತ್ತೇನೆ. ಇಸ್ರೊ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನು ಕಕ್ಷೆಯಲ್ಲೇ ಪ್ರಯೋಗಶಾಲೆಯಾಗಿ ಬಳಸುವ ವ್ಯವಸ್ಥೆ ಅದು. ವಿದ್ಯುತ್ತು ಅದೇ ಕೊಡುತ್ತದೆ, ದಿಕ್ಕನ್ನೂ ಅದೇ ನೋಡಿಕೊಳ್ಳುತ್ತದೆ, ನಿಮ್ಮ ಗಮನವೆಲ್ಲ ಪ್ರಯೋಗದ ಮೇಲೆ ಇರಬಹುದು. 2024ರ ಡಿಸೆಂಬರ್ 30ರಂದು ಹಾರಿದ ಪೋಯೆಮ್-4ರಲ್ಲಿ 24 ಪ್ರಯೋಗಗಳಿದ್ದವು. ಆರ್‌ವಿ ಕಾಲೇಜಿನವರು ಕರುಳಿನ ಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತದೆ ಅಂತ ನೋಡಲು ಒಂದು ಡಬ್ಬ ಕಳಿಸಿದ್ದರು. ಚಿಕ್ಕಬಳ್ಳಾಪುರದ ಎಸ್‌ಜೆಸಿ ಕಾಲೇಜಿನ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ಬಳಸುವ ರೇಡಿಯೊ, ಕೂಡ ಅದರಲ್ಲಿತ್ತು. ಚಿಕ್ಕಬಳ್ಳಾಪುರದ ಹೆಸರು ಓದಿದಾಗ ನನಗೆ ನಿಜವಾಗಿ ಕಣ್ಣು ತುಂಬಿತು.

ಎಂಟನೇ ತಿಂಗಳು ಮತ್ತೆ ನಿರ್ವಾತ ಪರೀಕ್ಷೆ. ಗಾಜಿನ ಕಿಂಡಿಗೆ ಮುಖ ಒತ್ತಿ ನಾಲ್ವರು ನಿಂತಿದ್ದೆವು. ಮೇಜಿನ ಮೇಲೆ ಆಂಟೆನಾ ಬಿಚ್ಚಿದಾಗೆಲ್ಲ ಟಪ್ ಅನ್ನುವ ಸದ್ದು ಕೇಳಿ ಅಭ್ಯಾಸವಾಗಿತ್ತು. ಅಲ್ಲಿ ಸದ್ದೇ ಇಲ್ಲ. ಟೇಪು ಒಮ್ಮೆ ನಡುಗಿತು, ಆಮೇಲೆ ನೆಟ್ಟಗೆ ನಿಂತಿತ್ತು. ಎರಡನೆಯದೂ ಹಾಗೇ. ಆಗಿದೆ ಅಂತ ಯಾರಿಗೂ ಒಂದು ಕ್ಷಣ ನಂಬಿಕೆ ಬರಲಿಲ್ಲ.

ಸ್ಪ್ರಿಂಗಿನ ಉಪಾಯ ನಮಗಿಂತ ಮೂರು ಬ್ಯಾಚ್ ಹಿಂದಿನವರಿಗೂ ಹೊಳೆದಿತ್ತಂತೆ. ಆಮೇಲೆ ತಿಳಿಯಿತು. ಅವರು ಬರೆದಿಟ್ಟಿರಲಿಲ್ಲ, ಓದು ಮುಗಿಸಿ ಹೊರಟುಹೋಗಿದ್ದರು. ಇದು ನನಗೆ ಇಂದಿಗೂ ನೋವಿನ ವಿಷಯ. ಉಪಗ್ರಹ ಮುಗಿಯುವಷ್ಟರಲ್ಲಿ ಕಟ್ಟಲು ಶುರು ಮಾಡಿದವರು ಕಾಲೇಜಿನಲ್ಲೇ ಇರುವುದಿಲ್ಲ. ಹಾಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಪರೀಕ್ಷೆಯ ತಾರೀಕು, ಕರೆಂಟು, ಸೆಕೆಂಡು, ಏನು ಕೆಟ್ಟಿತು ಅಂತ ಬರೆದೆ. ಕೊನೆಯ ಪುಟದಲ್ಲಿ ಎರಡು ದಾರದ ತುಂಡು ಅಂಟಿಸಿದ್ದೇನೆ. ಒಂದರ ತುದಿಯಲ್ಲಿ ಸಾಸಿವೆಯಂಥ ಗುಂಡು ಇದೆ, ಅದು ಬಿಸಿಗೆ ಕರಗಿದ್ದು. ಇನ್ನೊಂದರ ತುದಿ ಎಳೆದು ತೆಳ್ಳಗಾಗಿದೆ, ಅದು ಬಿಗಿಗೆ ಕಡಿದದ್ದು. ನೋಟ್‌ಬುಕ್ ಈಗ ಎರಡನೇ ಸೆಮಿಸ್ಟರ್‌ನ ಹುಡುಗಿಯೊಬ್ಬಳ ಹತ್ತಿರ ಇದೆ. ದಾರದ ಉಂಡೆಯನ್ನೂ ಅವಳಿಗೇ ಕೊಟ್ಟಿದ್ದೇನೆ.