ಬೆಂಚಿನಿಂದ ಯಾರನ್ನು ಇಳಿಸಬೇಕು, ಯಾವಾಗ?

ಬೆಂಗಳೂರಿನ ಕಂಠೀರವದಲ್ಲಿ ಫುಟ್‌ಬಾಲ್ ಪಂದ್ಯ ನೋಡುವವರಿಗೂ ಆಸ್ಟಿನ್ ಟೌನ್ ಮೈದಾನದಲ್ಲಿ ಹುಡುಗರನ್ನು ಆಡಿಸುವವರಿಗೂ ಮೊದಲು ಗೊತ್ತಿರಬೇಕಾದದ್ದು ಲೆಕ್ಕ. 2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಲ್ಲಿ ಕಾಯಂ ಆದ ನಿಯಮದಂತೆ, ದೊಡ್ಡ ಲೀಗ್‌ಗಳಲ್ಲಿ 5 ಆಟಗಾರರನ್ನು ಬದಲಿಸಬಹುದು. ಆದರೆ ಆಟದ ನಡುವೆ ಅದಕ್ಕೆ ಸಿಗುವುದು 3 ಅವಕಾಶ ಮಾತ್ರ; ವಿರಾಮದ ಬದಲಾವಣೆ ಇದಕ್ಕೆ ಸೇರುವುದಿಲ್ಲ. ಒಬ್ಬೊಬ್ಬರನ್ನೇ ಇಳಿಸಿ 70ನೇ ನಿಮಿಷಕ್ಕೇ ಮೂರೂ ಮುಗಿಸಿದರೆ, ಆಮೇಲೆ ಯಾರಿಗಾದರೂ ಪೆಟ್ಟಾದಾಗ ಬೆಂಚಿನಲ್ಲಿ ಆಟಗಾರರಿದ್ದೂ ಹತ್ತೇ ಜನ ಆಡಬೇಕಾಗುತ್ತದೆ. ಸ್ಥಳೀಯ ಟೂರ್ನಿಗಳ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ.

ಮುಂದಿನದು ರೋಗ ಎಲ್ಲಿದೆ ಎಂದು ಹುಡುಕುವುದು. ಎದುರಾಳಿ ವಿಂಗರ್ (ಅಂಚಿನಲ್ಲಿ ದಾಳಿ ಮಾಡುವವನು) ನಿಮ್ಮ ರೈಟ್‌ಬ್ಯಾಕ್‌ನನ್ನು (ಬಲ ಅಂಚಿನ ರಕ್ಷಕನನ್ನು) ಮತ್ತೆ ಮತ್ತೆ ದಾಟುತ್ತಿದ್ದರೆ ಎಲ್ಲರೂ ಬೈಯುವುದು ರೈಟ್‌ಬ್ಯಾಕ್‌ನನ್ನೇ. ಅವನ ಮುಂದಿರುವ ನಿಮ್ಮದೇ ವಿಂಗರ್ ಕಡೆ ನೋಡಿ: ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿಬರುತ್ತಿದ್ದಾನೆಯೇ? ಇಲ್ಲವಾದರೆ ಬದಲಿಸಬೇಕಾದವನು ಅವನು. ರೈಟ್‌ಬ್ಯಾಕ್‌ಗೆ ಆಗಲೇ ಹಳದಿ ಕಾರ್ಡ್ ಸಿಕ್ಕಿದ್ದರೆ ಮಾತ್ರ ಅವನನ್ನೇ ಹೊರಗೆ ಕರೆಯುವುದು ಜಾಣತನ; ಇನ್ನೊಂದು ಸಿಕ್ಕರೆ ಅವನು ಆಟದಿಂದಲೇ ಹೊರಗೆ.

ಒಂದು ಗೋಲಿನ ಮುನ್ನಡೆ ಇದ್ದಾಗ ಸ್ಟ್ರೈಕರ್‌ನನ್ನು (ಮುಂದೆ ನಿಂತು ಗೋಲು ಹೊಡೆಯುವವನನ್ನು) ತೆಗೆದು ಡಿಫೆಂಡರ್‌ನನ್ನು (ರಕ್ಷಕನನ್ನು) ಹಾಕುವುದು ನಮ್ಮಲ್ಲಿ ಪದೇ ಪದೇ ಕಾಣುವ ತಪ್ಪು. ಒದ್ದು ದೂರ ಕಳಿಸಿದ ಚೆಂಡನ್ನು ಮುಂದೆ ಹಿಡಿದಿಟ್ಟುಕೊಳ್ಳುವವರೇ ಇಲ್ಲದೆ, ಅದು ಕ್ಷಣದಲ್ಲಿ ವಾಪಸ್ ಬರುತ್ತದೆ. ಹಿಂದಿನ ಸಾಲಿಗೆ ಉಸಿರಾಡಲೂ ಬಿಡುವು ಸಿಗುವುದಿಲ್ಲ. ಅದರ ಬದಲು ದಣಿದ ಸ್ಟ್ರೈಕರ್ ಜಾಗಕ್ಕೆ ವೇಗವಾಗಿ ಓಡಬಲ್ಲ ಇನ್ನೊಬ್ಬ ಸ್ಟ್ರೈಕರ್ ಬರಲಿ. ಎದುರಾಳಿ ಡಿಫೆಂಡರ್‌ಗಳು ಹಿಂದೆಯೇ ಉಳಿಯಬೇಕಾಗುತ್ತದೆ.

ಗೋಲು ಬೇಕಾದಾಗ ಜೋಡಿಯಾಗಿ ಇಳಿಸಿ: ಪಾಸ್ ಕೊಡುವವನೊಬ್ಬ, ಓಡುವವನೊಬ್ಬ. ಯುರೋಪಿನ ದೇಶಗಳ ಟೂರ್ನಿ ಯುರೋ 2024ರ ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಇಂಗ್ಲೆಂಡ್ ಕೋಚ್ ಗ್ಯಾರೆತ್ ಸೌತ್‌ಗೇಟ್ 81ನೇ ನಿಮಿಷದಲ್ಲಿ ನಾಯಕ ಹ್ಯಾರಿ ಕೇನ್ ಮತ್ತು ಫಿಲ್ ಫೋಡನ್‌ರನ್ನೇ ಹೊರಗೆ ಕರೆದರು. ಬಂದವರು ಓಲಿ ವಾಟ್ಕಿನ್ಸ್, ಕೋಲ್ ಪಾಮರ್. ಪಾಮರ್ ಕೊಟ್ಟ ಪಾಸ್‌ಗೆ ವಾಟ್ಕಿನ್ಸ್ ಗೋಲು ಹೊಡೆದು 2-1ರಿಂದ ಗೆಲ್ಲಿಸಿದರು. ನಾಯಕನನ್ನು ತೆಗೆಯುವ ಆ ಎದೆಗಾರಿಕೆ ಮೆಚ್ಚಬೇಕಾದದ್ದು.

ಇಳಿಸುವ ಗಳಿಗೆಯೂ ಮುಖ್ಯ. ಎದುರಾಳಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ) ಸಿಕ್ಕಾಗ ಡಿಫೆಂಡರ್‌ನನ್ನು ಬದಲಿಸಬೇಡಿ. ಯಾರು ಯಾರನ್ನು ಕಾಯಬೇಕೆಂಬುದೇ ಗೊಂದಲವಾಗಿ ಎದುರಾಳಿಯ ಒಬ್ಬ ಕಾವಲಿಲ್ಲದೆ ಉಳಿದುಬಿಡುತ್ತಾನೆ. ಬರುವವನು ಮೊದಲೇ ಚೆನ್ನಾಗಿ ಬೆವರು ಬರುವಷ್ಟು ವಾರ್ಮ್‌ಅಪ್ ಮಾಡಿರಲಿ. ಗೆರೆಯ ಬಳಿ ಅವನಿಗೆ ಎರಡೇ ಮಾತು ಹೇಳಿ: ಎಲ್ಲಿ ನಿಲ್ಲಬೇಕು, ಕಾರ್ನರ್ ಬಂದರೆ ಯಾರನ್ನು ಹಿಡಿಯಬೇಕು.